ಕಟಾಂಜನದ ಕೊನೆಯ ಜಾಗ

ನಮ್ಮ ದೊಡ್ಡಮ್ಮನ ಲೆಕ್ಕದಲ್ಲಿ ಜಗತ್ತೆಲ್ಲ ಅರ್ಧ ತಾಳ ತಡ. ಹಾಲಿನವನು ತಡ, ಬಸ್ಸು ತಡ, ಕರೆದಾಗ "ಬಂದೆ" ಅನ್ನುವ ನಾನಂತೂ ಹುಟ್ಟಿದ್ದೇ ತಡ. ಊಟಕ್ಕೆ ಕೂತರೂ ಅವರ ಎಡಗೈ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಲೇ ಇರುತ್ತಿದ್ದವು. ವಾರದ ದಿನಗಳಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಟೀಚರು, ಭಾನುವಾರ ನಮ್ಮ ಚರ್ಚಿನಲ್ಲಿ ಆರ್ಗನ್. ಮದುವೆ ಆಗಲಿಲ್ಲ. "ಆರ್ಗನ್ನಿಗೇ ಕೊಟ್ಟು ಕೈ ತೊಳೆದುಕೊಂಡೆವು" ಅಂತ ನಮ್ಮಮ್ಮ, ಅಂದರೆ ಅವರ ತಂಗಿ, ಮನೆಗೆ ಬಂದವರ ಮುಂದೆಲ್ಲ ನಗಾಡುತ್ತಿದ್ದಳು. ದೊಡ್ಡಮ್ಮನೂ ನಗುತ್ತಿದ್ದರು, ಅದೂ ಸ್ವಲ್ಪ ತಡವಾಗಿ.

ಅವರ ಬಗ್ಗೆ ಬರೆಯಲು ಕೂತಿದ್ದೇನೆ. ನ್ಯಾಯಕ್ಕಾಗಿ ನಿಂತ ಧೀರೆ ಅಂತ ಹೇಳುವವರು ನಮ್ಮ ಚರ್ಚಿನಲ್ಲಿದ್ದಾರೆ, ವಯಸ್ಸಾದ ಮೇಲೆ ತಲೆ ಕೆಟ್ಟಿತು ಅನ್ನುವವರೂ ಇದ್ದಾರೆ. ಎರಡೂ ಕಡೆಯವರ ಮಾತು ಕೇಳಿ ಕೇಳಿ ನನ್ನ ತಲೆ ಕೆಟ್ಟಿರುವುದಂತೂ ನಿಜ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಯಾರಿಗಾದರೂ ಅರ್ಥವಾದರೆ ನನಗೂ ತಿಳಿಸಬೇಕು.

ನಮ್ಮ ಚರ್ಚು ಉದ್ದನೆಯ ಕಟ್ಟಡ. ಮುಂದೆ ಪೀಠ, ಪೀಠದ ಮುಂದೆ ಜನ ಮೊಣಕಾಲೂರಿ ಕೈಯಿಡಲು ಮರದ ಕಟಾಂಜನ, ಅದರ ಎಡಕ್ಕೆ ಕಾಲಿನಿಂದ ತುಳಿದು ಗಾಳಿ ತುಂಬುವ ಹಳೇ ಆರ್ಗನ್. ಮುಂದಿನ ಬೆಂಚುಗಳಿಗೆ ಹಿತ್ತಾಳೆಯ ತಗಡು ಬಡಿದಿದೆ, ಅದರ ಮೇಲೆ ಆ ಬೆಂಚು ಮಾಡಿಸಿಕೊಟ್ಟ ಅಜ್ಜ ಮುತ್ತಜ್ಜಂದಿರ ಹೆಸರು. ನಮ್ಮದೂ ಒಂದಿದೆ. ಹಾಡಿನ ಪುಸ್ತಕಗಳು ಇರುವುದೂ ಈ ಬೆಂಚುಗಳಲ್ಲೇ. ಹಿಂದಿನ ಬೆಂಚುಗಳಿಗೆ ತಗಡಿಲ್ಲ, ಪುಸ್ತಕವಿಲ್ಲ, ಒರಗಿಕೊಳ್ಳಲು ಬೆನ್ನೂ ಇಲ್ಲ. ಅಲ್ಲಿ ಕೂರುವವರಿಗೆ ಹಳಿಯಾಚೆಯವರು ಅಂತ ಹೆಸರು. ರೈಲು ಹಳಿ ದಾಟಿದರೆ ಅವರ ಓಣಿ. ಗುಡಿಸುವವರು, ಮೂಟೆ ಹೊರುವವರು, ಬಟ್ಟೆ ಒಗೆದು ಇಸ್ತ್ರಿ ಮಾಡುವವರು. ನೀವು ಹಿಂದೆಯೇ ಕೂರಬೇಕು ಅಂತ ಅವರಿಗೆ ಯಾರೂ ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಈಚೆಗೆ.

ಈ ಹಳಿಯಾಚೆಯವರು ಹಾಡನ್ನು ಎಳೆಯುತ್ತಾರೆ ಅನ್ನುವುದು ದೊಡ್ಡಮ್ಮನ ಜೀವಮಾನದ ದೂರು. ಮುಂದಿನವರು ಮೂರನೇ ಸಾಲಿಗೆ ಹೋದರೂ ಹಿಂದಿನವರು ಎರಡನೇ ಸಾಲಿನ ಬಾಲ ಹಿಡಿದುಕೊಂಡಿರುತ್ತಿದ್ದರು. ದೊಡ್ಡಮ್ಮ ಆರ್ಗನ್ನಿನ ಮುಚ್ಚಳ ಪೂರ್ತಿ ತೆಗೆದು ನುಡಿಸಿ ನೋಡಿದರು, ಚಪ್ಪಲಿ ಕಿತ್ತುಹೋಗುವ ಹಾಗೆ ತುಳಿದು ನೋಡಿದರು. ಊಹೂಂ. ಭಾನುವಾರದ ಊಟದಲ್ಲಿ ಮೊದಲ ತುತ್ತಿಗೇ ತಮ್ಮನ ಕಡೆ ತಿರುಗಿ ಶುರು. "ಇವತ್ತೂ ಎಳೆದ್ರು ಕಣೋ. ಹಾಡಿನ ಕಾಲು ಹಿಡಿದು ದರದರ ಎಳೆದ್ರು."

ಎದುರಿಗೆ ಕೂತ ಮಾವ ಅಯ್ಯೋ ಪಾಪ ಅನ್ನುವ ಹಾಗೆ ತಲೆಯಾಡಿಸುತ್ತಿದ್ದರು. ಮಾವ ಅಂದರೆ ಇವರಿಬ್ಬರ ತಮ್ಮ, ಪಕ್ಕದ ಮನೆಯವರು, ಚರ್ಚ್ ಕಮಿಟಿಯ ಸೆಕ್ರೆಟರಿ. ಬಾಯ್ತುಂಬ ನಗುವ ಮನುಷ್ಯ, ಕಷ್ಟ ಅಂತ ಬಂದವರಿಗೆ ಇಲ್ಲ ಅಂದವರಲ್ಲ. ಅವರನ್ನು ಕೆಟ್ಟವರು ಅನ್ನಲು ಈಗಲೂ ನನ್ನ ನಾಲಿಗೆ ಹೊರಳುವುದಿಲ್ಲ. ಕೆಟ್ಟವರಾಗಿದ್ದಿದ್ದರೆ ನನಗೆ ಈ ಕಥೆ ಹೇಳುವುದು ಎಷ್ಟೋ ಸುಲಭವಾಗುತ್ತಿತ್ತು.

ಆ ವರ್ಷ ಚರ್ಚಿನ ಪಕ್ಕಕ್ಕೆ ಹೊಸ ಹಾಲ್ ಎದ್ದಿತು. ಫ್ಯಾನು, ಮೆತ್ತನೆ ಕುರ್ಚಿ, ಸ್ಪೀಕರು. ಅದೇ ಹೊತ್ತಿಗೆ ಆರಾಧನೆಯನ್ನು ಫೋನಿನಲ್ಲಿ ನೇರ ಪ್ರಸಾರ ಮಾಡುವುದೂ ಶುರುವಾಯಿತು. ಒಂದು ಭಾನುವಾರ ನಮ್ಮ ಪಾಸ್ಟರು, ನಾವು ಅಯ್ಯನವರು ಅಂತೀವಿ, ಪ್ರಕಟಣೆ ಓದಿದರು. ಮುಂದಿನ ತಿಂಗಳಿಂದ ಹಿಂದಿನ ಬೆಂಚಿನವರು ಹೊಸ ಹಾಲ್‌ನಲ್ಲಿ ಕೂತು ಸ್ಪೀಕರಿನಲ್ಲಿ ಆರಾಧನೆ ಕೇಳುವುದು. ಯೇಸುವಿನ ನೆನಪಿಗೆ ಎಲ್ಲರೂ ಕಟಾಂಜನದ ಮುಂದೆ ಮೊಣಕಾಲೂರಿ ತೆಗೆದುಕೊಳ್ಳುವ ಕರ್ತನ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅವರಿದ್ದಲ್ಲಿಗೇ ತಂದು ಕೊಡಲಾಗುವುದು. ಕಾರಣವನ್ನೂ ಓದಿದರು: "ಆರ್ಗನ್ ನುಡಿಸುವವರ ಬಹುದಿನಗಳ ಕೋರಿಕೆಯ ಮೇರೆಗೆ, ಹಾಡಿನ ಶಿಸ್ತಿಗಾಗಿ."

ನಾನು ಕಾಯಿರ್‌ನಲ್ಲಿ, ಅಂದರೆ ಪೀಠದ ಪಕ್ಕ ಹಾಡುವವರ ಗುಂಪಿನಲ್ಲಿ ನಿಂತಿದ್ದೆ, ದೊಡ್ಡಮ್ಮನ ಮುಖ ನನಗೆ ಕಾಣುತ್ತಿತ್ತು. ಬಾಯಿ ಅರ್ಧ ತೆರೆದಿತ್ತು. ಮುಂದಿನ ಹಾಡಿಗೆ ಗಾಳಿ ತುಂಬಲು ತುಳಿಯುತ್ತಿದ್ದ ಕಾಲು ನಿಂತುಹೋಗಿ ಆರ್ಗನ್ನಿನ ಉಸಿರು ಸುಂಯ್ ಅಂತ ಇಳಿಯಿತು.

"ನಾನು ಯಾವಾಗ ಕೇಳಿದೆನೋ?" ಅಂತ ಊಟದ ಮೇಜಿನಲ್ಲಿ ಮಾವನ ಮೇಲೆ ಎಗರಿದರು.

"ಯಾವ ಭಾನುವಾರ ಕೇಳಿಲ್ಲ ಹೇಳಕ್ಕ? ನನಗೆ ಬುದ್ಧಿ ಬಂದಾಗಿಂದ ಕೇಳ್ತಾನೇ ಇದ್ದೀಯ."

"ನಾನು ಹೇಳಿದ್ದು ತಾಳದ ವಿಷಯ. ಜನರನ್ನ ಆಚೆ ಕಳಿಸು ಅಂದ್ನಾ?"

"ಆಚೆ ಎಲ್ಲಿ ಕಳಿಸಿದ್ವಿ? ಪಕ್ಕಕ್ಕೆ. ಫ್ಯಾನ್ ಇದೆ, ಕುರ್ಚಿ ಇದೆ. ನಮಗಿಂತ ಚೆನ್ನಾಗಿರ್ತಾರೆ."

"ಅಷ್ಟು ಚೆನ್ನಾಗಿದ್ರೆ ನಾವೇ ಹೋಗೋಣ ನಡಿ."

ಮಾವ ನಕ್ಕರು. "ನಮ್ಮ ಬೆಂಚು ಇಲ್ಲಿದೆಯಲ್ಲ."

"ರೊಟ್ಟಿನೂ ಅಲ್ಲಿಗೇ ಕಳಿಸ್ತೀಯಂತೆ. ಅದೇನು ಪಾರ್ಸಲ್ಲಾ?"

"ಅಲ್ಲಕ್ಕ, ನಿನಗೂ ಅಯ್ಯನವರು ಸ್ಟೂಲ್ ಹತ್ರಾನೇ ತಂದು ಕೊಡ್ತಾರಲ್ವಾ, ಆರ್ಗನ್ ಬಿಟ್ಟು ಏಳೋದು ಬೇಡ ಅಂತ? ನಿನಗೆ ತಂದು ಕೊಟ್ರೆ ಮರ್ಯಾದೆ, ಅವರಿಗೆ ತಂದು ಕೊಟ್ರೆ ಅವಮಾನ. ಹೆಂಗದು? ನೀನೇ ಹೇಳು."

ಮಾವ ಹೇಳಿದ್ದು ಸುಳ್ಳಲ್ಲ, ದೊಡ್ಡಮ್ಮ ಆ ಕಟಾಂಜನದ ಮುಂದೆ ಮೊಣಕಾಲೂರಿ ಎಷ್ಟು ಕಾಲವಾಯಿತೋ ಅವರಿಗೇ ನೆನಪಿರಲಿಲ್ಲ. ಎರಡೂ ಒಂದೇ ಅಂತ ಒಪ್ಪಿಕೊಳ್ಳಲು ಮನಸ್ಸು ಬಾರದು, ಬೇರೆ ಬೇರೆ ಅಂತ ಬಿಡಿಸಿ ಹೇಳಲು ಬಾಯಿ ಬಾರದು. ಅಕ್ಕ ಪೇಚಿಗೆ ಸಿಕ್ಕಿದ್ದು ಕಂಡು ಮಾವ ತಮಾಷೆಯಾಗಿಯೇ ಇನ್ನೊಂದು ಮಾತು ಸೇರಿಸಿದರು. "ಬೇಜಾರಾದ್ರೆ ಹೇಳಿಬಿಡು. ನಮ್ಮ ಸೊಸೆ ಕೀಬೋರ್ಡ್ ಕಲಿತು ರೆಡಿ ಇದ್ದಾಳೆ."

ಆ ತಮಾಷೆ ದೊಡ್ಡಮ್ಮನಿಗೆ ನಾಟಿತು. ಆರ್ಗನ್ ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ, ಅದು ಮನೆಯವರಿಗೆಲ್ಲ ಗೊತ್ತಿತ್ತು. ಸಂಜೆ ಅವರ ಕೋಣೆಗೆ ಕಾಫಿ ಕೊಡಲು ಹೋದರೆ ಮಂಚದ ಪಕ್ಕ ಪ್ರಾರ್ಥನೆಗೆ ಮೊಣಕಾಲೂರಿ, ಪ್ರಾರ್ಥನೆ ಮಾಡದೆ ಗೋಡೆ ನೋಡುತ್ತಿದ್ದರು.

"ಯೇಸುಸ್ವಾಮಿಗೆ ಏನು ಹೇಳ್ಲಿ ಹೇಳೇ? ತಾಳ ತಪ್ಪಿದ್ರು, ಅದಕ್ಕೇ ನಿನ್ನ ಮನೆಯಿಂದ ಆಚೆ ಹಾಕಿಸಿದೆ ಅನ್ಲಾ?"

"ನೀವು ಹಾಕಿಸಿಲ್ಲ ದೊಡ್ಡಮ್ಮ, ಕಮಿಟಿಯವರು."

"ನನ್ನ ಹೆಸರಲ್ಲಿ ಹಾಕಿದ್ರಲ್ಲ."

ಮುಂದಿನ ಭಾನುವಾರ ಮಣಿಕಟ್ಟು ನೋವು ಅಂತ ನೆಪ ಹೇಳಿ ನನ್ನನ್ನು ಆರ್ಗನ್ನಿಗೆ ತಳ್ಳಿ ದೊಡ್ಡಮ್ಮ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ನನ್ನ ಆರ್ಗನ್ ಕೇಳಿದ ಮೇಲೆ ಎಳೆತದ ಅಪವಾದದಿಂದ ಹಳಿಯಾಚೆಯವರು ಆ ಒಂದು ದಿನಕ್ಕೆ ಪೂರ್ತಿ ಬಿಡುಗಡೆ ಹೊಂದಿದರು. ಎಳೆದವಳು ನಾನು. ಅದು ಹಾಗಿರಲಿ. ದೊಡ್ಡಮ್ಮ ಮನೆಗೆ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

"ನಾನೂ ಎಳೆದೆ ಕಣೆ" ಅಂದರು. "ನಾನು! ಪುಸ್ತಕ ಇಲ್ಲ, ಮುಂದಿನವರು ಒಂದು ಸಾಲು ಹಾಡಿದ್ದನ್ನ ಕೇಳಿಸ್ಕೊಂಡು ಆಮೇಲೆ ಹಾಡ್ಬೇಕು. ಆರ್ಗನ್ನು ಬಾವಿಯೊಳಗಿಂದ ಕೇಳಿದ ಹಾಗೆ ಕೇಳುತ್ತೆ. ಅಲ್ಲಿ ಕೂತ್ರೆ ನಾವು ತಡ ಅಂತ ಅನ್ಸೋದೇ ಇಲ್ಲ, ಮುಂದಿನವರೇ ರೈಲಿಗೆ ಹೊರಟವರ ಥರ ಓಡ್ತಿರ್ತಾರೆ."

ಅಷ್ಟೇ ಆಗಿದ್ದರೆ ನ್ಯಾಯ ಸಿಕ್ಕಿತು ಅಂತ ಅವರು ಖುಷಿಪಡಬಹುದಿತ್ತು. ಆದರೆ ಇನ್ನೊಂದು ಎಡವಟ್ಟಾಗಿತ್ತು. ಅವರು ಬೆಂಚಿನ ಹತ್ತಿರ ಹೋದ ಕೂಡಲೇ ಎಲ್ಲರೂ ಎದ್ದು ನಿಂತಿದ್ದಾರೆ. ಒಬ್ಬಾಕೆ ತನ್ನ ಕರವಸ್ತ್ರದಿಂದ ಬೆಂಚು ಒರೆಸಿದ್ದಾಳೆ. ಕಂಬಕ್ಕೆ ಒರಗಿ ಕೂರುವ ಒಂದೇ ಒಂದು ಮೂಲೆ ಅಲ್ಲಿರುವುದು, ಅದರಲ್ಲಿ ಮೂಟೆ ಹೊತ್ತು ಸೊಂಟ ನೋಯುವ ಮುದುಕರೊಬ್ಬರು ಕೂರುತ್ತಿದ್ದರು. ಅವರು ಎದ್ದು ಮೂಲೆಯನ್ನು ದೊಡ್ಡಮ್ಮನಿಗೆ ಬಿಟ್ಟು ನೆಲದ ಮೇಲೆ ಕೂತಿದ್ದಾರೆ. ಬೇಡ ಅಂದಷ್ಟೂ ಅವರು "ಪರವಾಗಿಲ್ಲ, ಪರವಾಗಿಲ್ಲ" ಅಂದಿದ್ದಾರೆ.

"ಅವರ ಜೊತೆ ಕೂರೋಕೆ ಹೋದ್ರೆ ಅವರನ್ನೇ ಎಬ್ಬಿಸಿಬಿಟ್ಟೆ" ಅಂತ ದೊಡ್ಡಮ್ಮ ಅನ್ನವನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳುತ್ತಾ ಕೂತರು. ಆ ದಿನ ಅವರ ಬೆರಳು ತಾಳ ಹಾಕಲಿಲ್ಲ.

ಆ ವಾರ ಕಾಯಿರಿನ ನಿಲುವಂಗಿಗಳನ್ನು ತರಲು ನಾನು ಹೊರಟಾಗ ತಾವೂ ಬಂದರು. ಚರ್ಚಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಹಳಿಯಾಚೆಯ ಇಸ್ತ್ರಿ ಅಕ್ಕನ ಕೆಲಸ. ಅವರಿಗೆ ಬೇರೆ ಹೆಸರಿದೆ, ಅದನ್ನು ಕರೆಯುವವರಿಲ್ಲ. ಕಂಬಳಿ ಹೊದಿಸಿದ ಮೇಜು, ನೀರು ಚಿಮುಕಿಸಲು ಒಂದು ಬಟ್ಟಲು, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದಲ್ಲಿ ನಮ್ಮ ಬಿಳೀ ನಿಲುವಂಗಿಗಳು. ಊರಿನ ಅರ್ಧ ದೊಡ್ಡ ಮನೆಗಳ ಬಟ್ಟೆ ಅವರ ಕೈಯಿಂದಲೇ ಹೋಗುವುದು. ಮಾವನ ಶರಟುಗಳೂ.

"ಕೂತ್ಕೊಳ್ಳಿ, ನಿಮ್ಮ ಹತ್ರ ಮಾತಾಡ್ಬೇಕು" ಅಂದರು ದೊಡ್ಡಮ್ಮ. ಅವತ್ತಿನವರೆಗೂ ಅವರು ಇಸ್ತ್ರಿ ಅಕ್ಕನನ್ನು ನೀನು ಅಂತಲೇ ಕರೆದವರು. ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಗಾಬರಿಯಿಂದ ನೋಡಿದರು.

"ಯಾಕೆ ಟೀಚರಮ್ಮ? ಏನಾದ್ರೂ ಸುಟ್ಟು ಹಾಕಿದ್ನಾ?"

"ಇಲ್ಲಪ್ಪ. ನಿಮಗೋಸ್ಕರ ನಾನು ಕಮಿಟಿ ಎದುರು ನಿಲ್ಬೇಕು ಅಂತಿದ್ದೀನಿ."

"ನನಗೋಸ್ಕರಾನಾ? ನಾನೇನು ಮಾಡ್ದೆ?"

"ನಿಮ್ಮನ್ನೆಲ್ಲ ಹಾಲ್‌ಗೆ ತಳ್ತಿದ್ದಾರಲ್ಲ."

"ಹಾಲ್ ಚೆನ್ನಾಗೇ ಇದೆ ಟೀಚರಮ್ಮ. ನಮ್ಮತ್ತೆ ಆಗ್ಲೇ ಹೋಗಿ ಒಂದು ಕುರ್ಚಿ ನೋಡ್ಕೊಂಡು ಬಂದಿದ್ದಾರೆ, ಫ್ಯಾನ್ ಕೆಳಗಿಂದು."

ದೊಡ್ಡಮ್ಮ ಕಕ್ಕಾಬಿಕ್ಕಿಯಾದರು. "ಹಾಗಾದ್ರೆ ನಿಮಗೆ ಹೋಗೋಕೆ ಇಷ್ಟಾನಾ?"

"ಕೆಲವರಿಗೆ ಇಷ್ಟ. ಕೆಲವರಿಗೆ ಹೊಟ್ಟೆ ಉರಿದುಹೋಗಿದೆ. ನನಗೆ..." ಇಸ್ತ್ರಿ ಅಕ್ಕ ನಿಲುವಂಗಿಯ ಒಂದು ತೋಳನ್ನು ಹರಡಿ ಅದರ ಮೇಲೆ ಪೆಟ್ಟಿಗೆ ಎಳೆದರು. "ಭೋಜನದ ದಿನ ನಿಮ್ಮ ತಮ್ಮ ಎಲ್ಲರನ್ನೂ ಸಾಲುಸಾಲಾಗಿ ಕಳಿಸಿ ತಾವು ಕೊನೇ ಸರದೀಲಿ ನಮ್ಮ ಜೊತೆ ಬರ್ತಾರಲ್ಲ, ನೋಡಿದ್ದೀರಾ?"

ದೊಡ್ಡಮ್ಮ ನೋಡಿರಲಿಲ್ಲ. ಸಭೆಯ ಕಡೆಗೆ ಅವರದು ಯಾವತ್ತೂ ಬೆನ್ನು.

"ಗೋಡೆ ಪಕ್ಕ, ತುದೀಲಿ ಮೊಣಕಾಲೂರ್ತಾರೆ. ಅವರ ಪಕ್ಕ ಒಬ್ಬರು ಹಿಡಿಸೋವಷ್ಟು ಜಾಗ ಖಾಲಿ ಬಿಟ್ಟು ನಾವೆಲ್ಲ ಈ ಕಡೆ ಒತ್ತೊತ್ತಾಗಿ ಊರ್ತೀವಿ. ಬಿಡಿ ಅಂತ ಅವರು ಅಂದಿಲ್ಲ. ನಾವೇ ಬಿಡ್ತೀವಿ. ಪ್ರತಿ ಸಲ ಮನೆ ಬಿಡುವಾಗ ಇವತ್ತು ಅಲ್ಲೇ ಊರೋದು ಅಂದ್ಕೊಂಡು ಹೊರಡ್ತೀನಿ. ಅರ್ಧ ದಾರಿ ಹೋಗ್ತೀನಿ, ಕಾಲು ತಾನಾಗೇ ಈ ಕಡೆ ತಿರುಗಿಬಿಡುತ್ತೆ. ಅವರ ಶರಟು ದಿನಾ ನನ್ನ ಕೈಯಲ್ಲಿರುತ್ತೆ, ಅವರ ಪಕ್ಕ ಹೋಗೋಕೆ ಮಾತ್ರ ಧೈರ್ಯ ಸಾಲಲ್ಲ. ದೇವರ ಮುಂದೆ ಎಲ್ಲರೂ ಒಂದೇ ಅಂತ ಅಯ್ಯನವರು ಹೇಳ್ತಾನೇ ಇರ್ತಾರೆ. ಒಂದು ಸಲ ಅಲ್ಲಿ ಊರಿ ನೋಡ್ಬೇಕು, ಹೌದಾ ಅಂತ. ಹಾಲ್‌ಗೆ ಹೋದ್ರೆ ಫ್ಯಾನ್ ಗಾಳಿ ಸಿಗುತ್ತೆ, ಆ ಜಾಗ ಸಿಗಲ್ವಲ್ಲ."

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ, ಹೋಗ್ತೀರಾ ಇರ್ತೀರಾ ಅಂತ?"

"ಅವರೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ನೀವು ಬಂದು ಹೇಳಿದ್ರಿ" ಅಂತ ಇಸ್ತ್ರಿ ಅಕ್ಕ ನಕ್ಕರು. ಕೊಂಕಿರಲಿಲ್ಲ ಅದರಲ್ಲಿ. ನಿಲುವಂಗಿಗಳನ್ನು ಮಡಿಸಿ ನನ್ನ ಕೈ ಮೇಲೆ ಇಟ್ಟರು.

ಅದಾದ ಮೇಲೆ ದೊಡ್ಡಮ್ಮ ಮಾತು ಕಡಿಮೆ ಮಾಡಿದರು. ಏನೋ ಹೂಡುತ್ತಿದ್ದಾರೆ ಅಂತ ನಮ್ಮಮ್ಮನಿಗೆ ಅನುಮಾನ ಬಂದಿತ್ತು. ಹೂಡಿದ್ದು ಇಷ್ಟೇ: ಜನರನ್ನು ಕಳಿಸುವ ಮೊದಲಿನ ಕೊನೆಯ ಭಾನುವಾರ, ಪ್ರತಿ ಸಾಲಿನ ಕೊನೆಗೂ ಹಿಂದಿನವರು ಮುಗಿಸುವವರೆಗೆ ಆರ್ಗನ್ ಕಾಯಬೇಕು. ಎಲ್ಲರೂ ಒಟ್ಟಿಗೆ ಹಾಡಿದರೆ ಎಳೆತ ಎಲ್ಲಿ? ಎಳೆತ ಇಲ್ಲದಿದ್ದರೆ ಕಮಿಟಿಯ ಕಾರಣ ಎಲ್ಲಿ? ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.

ಅತ್ತ ಹಳಿಯಾಚೆಯವರೂ ತಮ್ಮತಮ್ಮಲ್ಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ಟೀಚರಮ್ಮನಿಗೆ ನಮ್ಮಿಂದ ತೊಂದರೆಯಾಯಿತಂತೆ, ಕೊನೆಯ ದಿನವಾದರೂ ಎಳೆದರು ಅನ್ನುವ ಮಾತು ಕೇಳಿಸಿಕೊಳ್ಳುವುದು ಬೇಡ, ಆರ್ಗನ್ ಮುಂದಿನ ಸಾಲು ಹಿಡಿಯುವವರೆಗೆ ಬಾಯಿ ತೆರೆಯಬಾರದು ಅಂತ. ಅವರೂ ಯಾರಿಗೂ ಹೇಳಲಿಲ್ಲ.

ಮೊದಲ ಹಾಡು. ಒಂದನೇ ಸಾಲು ಮುಗಿಯಿತು. ಆರ್ಗನ್ ಹಿಂದಿನವರಿಗಾಗಿ ಕಾದು ನಿಂತಿತು. ಹಿಂದಿನವರು ಆರ್ಗನ್ನಿಗಾಗಿ ಕಾದರು. ಮುಂದಿನವರು ಇದೇನಪ್ಪ ಅಂತ ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಮ್ಮ ಹೇಗೋ ಎರಡನೇ ಸಾಲು ಹಿಡಿದರು, ಇನ್ನೂ ನಿಧಾನ ಮಾಡಿದರು, ಅವರು ಇನ್ನೂ ಕಾದರು. ಮೂರನೇ ಸಾಲಿನ ನಡುವೆ ಹಾಡು ಮುಗ್ಗರಿಸಿ ನಿಂತೇಬಿಟ್ಟಿತು. ಎಲ್ಲೋ ಕೂತು ಫೋನಿನಲ್ಲಿ ನೋಡುತ್ತಿದ್ದವರೆಲ್ಲ ನೆಟ್‌ವರ್ಕ್ ಹೋಯಿತು ಅಂದುಕೊಂಡರಂತೆ.

ದೊಡ್ಡಮ್ಮ ಸ್ಟೂಲ್ ಮೇಲೆ ಕೂತಲ್ಲೇ ಸಭೆಯ ಕಡೆಗೆ ತಿರುಗಿದರು. ಹಾಗೆ ಅವರು ತಿರುಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕೆ ನಿಲ್ಸಿಬಿಟ್ರಿ?" ಅಂತ ಹಿಂದಿನ ಬೆಂಚಿನ ಕಡೆ ಕೇಳಿದರು.

"ನೀವು ಹೋಗ್ಲಿ ಅಂತ ಕಾಯ್ತಿದ್ವಿ ಟೀಚರಮ್ಮ" ಅಂತ ಹಿಂದಿನಿಂದ ಇಸ್ತ್ರಿ ಅಕ್ಕನ ದನಿ.

"ನೀವು ಬರ್ಲಿ ಅಂತ ನಾನು ಕಾಯ್ತಿದ್ದೆ!"

ಚರ್ಚು ಚರ್ಚೇ ಘೊಳ್ಳೆಂದು ನಕ್ಕಿತು. ಅಯ್ಯನವರೂ ನಕ್ಕರು. ಮುಂದಿನವರು ಹಿಂದಿನವರು ಒಂದೇ ಸಲಕ್ಕೆ, ಒಂದೇ ತಾಳಕ್ಕೆ ಮಾಡಿದ ಕೆಲಸ ಅಂದರೆ ಅದೇ ಇರಬೇಕು. ಅಲ್ಲಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೋ! ದೊಡ್ಡಮ್ಮ ಬಿಡಲಿಲ್ಲ. ನಗು ಇಳಿಯುವ ಮೊದಲೇ ಎದ್ದು ನಿಂತು, ಶಾಲೆಯಲ್ಲಿ ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದರು. "ಒಂದು ಪ್ರಶ್ನೆ. ನಿಮ್ಮನ್ನ ಆಚೆ ಹಾಲ್‌ಗೆ ಕಳಿಸ್ತಿದ್ದಾರಲ್ಲ, ಹೋಗ್ತೀರಾ ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ನಗು ನಿಂತಿತು. ದೊಡ್ಡಮ್ಮ ಇಸ್ತ್ರಿ ಅಕ್ಕನನ್ನೇ ನೋಡುತ್ತಿದ್ದರು. ದೊಡ್ಡಮ್ಮ ನೋಡಿದ್ದರಿಂದ ಎಲ್ಲರೂ ಹಿಂದಕ್ಕೆ ತಿರುಗಿ ಅವರನ್ನೇ ನೋಡಿದರು. ಇಸ್ತ್ರಿ ಅಕ್ಕ ತಲೆ ತಗ್ಗಿಸಿ ತಮ್ಮ ಅಂಗೈ ನೋಡುತ್ತಾ ಕೂತರು.

ಮಾವ ಎದ್ದರು. ಮುಖ ಕೆಂಪೇರಿತ್ತು, ಮಾತು ಮಾತ್ರ ಮೆತ್ತಗೇ ಇತ್ತು. "ಯಾರಿಗೂ ತಕರಾರಿಲ್ಲ ಅಕ್ಕ. ಕೂತ್ಕೊ. ಹಾಡು ಮುಂದುವರಿಸು."

"ಉತ್ತರ ಬರೋವರೆಗೂ ನುಡಿಸಲ್ಲ."

ಉತ್ತರ ಬರಲಿಲ್ಲ. ಬಂದದ್ದು ಮಾವನ ಸೊಸೆಯ ಕೀಬೋರ್ಡಿನ ಸದ್ದು. ಆ ಹುಡುಗಿಯ ತಾಳ ಬಲು ಚೊಕ್ಕ. ಮುಂದಿನವರು ಸರಿಯಾಗಿ ಹಾಡಿದರು, ಹಿಂದಿನವರು ಎಂದಿನ ಹಾಗೆ ಹಿಂದೆಯೇ ಬಂದರು. ದೊಡ್ಡಮ್ಮ ಮುಚ್ಚಿದ ಆರ್ಗನ್ನಿನ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನಗೆ ಅಳು ಬಂತು. ಅವರಿಗಾಗಿಯೋ ಇಸ್ತ್ರಿ ಅಕ್ಕನಿಗಾಗಿಯೋ ನನಗೆ ತಿಳಿಯಲಿಲ್ಲ.

ಆರಾಧನೆ ಮುಗಿದ ಮೇಲೆ ಇಸ್ತ್ರಿ ಅಕ್ಕ ಹೊರಗೆ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ.

"ಎಲ್ಲರ ಮುಂದೆ ಯಾಕೆ ಕೇಳಿದ್ರಿ? ನಾಳೆ ಬೆಳಿಗ್ಗೆ ನಾನು ನಿಮ್ಮ ತಮ್ಮನ ಮನೆ ಬಾಗಿಲಿಗೇ ಹೋಗ್ಬೇಕು, ಬಟ್ಟೆ ತರೋಕೆ. ನೀವು ಸಿಟ್ಟು ಮಾಡ್ಕೊಂಡು ಬಂದ್ರೂ ನಿಮ್ಮ ಮನೇಲಿ ಊಟ ಇರುತ್ತೆ."

"ಕೇಳ್ಲಿಲ್ಲ ಅಂತ ನೀವೇ ಹೇಳಿದ್ರಲ್ಲ?" ದೊಡ್ಡಮ್ಮನ ದನಿ ಮಗುವಿನ ದನಿಯಾಗಿತ್ತು.

"ಹಿಂಗೆ ಕೇಳಿ ಅಂದ್ನಾ?"

ದೊಡ್ಡಮ್ಮ ಮೆಟ್ಟಿಲಿಳಿದು ಮನೆ ಕಡೆ ಹೊರಟರು. ದಾರಿಯುದ್ದಕ್ಕೂ "ಕೇಳದೆ ಇದ್ರೂ ತಪ್ಪು, ಕೇಳಿದ್ರೂ ತಪ್ಪು" ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ಅದೇ ಸಂಜೆ ಮಾವ ಬಂದು, ಇನ್ನು ಸ್ವಲ್ಪ ದಿನ ರೆಸ್ಟ್ ತಗೊಳಕ್ಕ ಅಂದರು. ಆರ್ಗನ್ನಿನ ಬೀಗದ ಕೈಯನ್ನು ದೊಡ್ಡಮ್ಮ ಮೇಜಿನ ಮೇಲಿಟ್ಟರು. ಮಾವ ಅದನ್ನು ಎತ್ತಿಕೊಳ್ಳುವಾಗ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಆದರೂ ಎತ್ತಿಕೊಂಡರು.

ಆಮೇಲೆ ನಡೆದದ್ದಕ್ಕೆ ನಾನೇ ಸಾಕ್ಷಿ, ಮಾವನ ಮನೆಗೆ ಪಾತ್ರೆ ಹಿಂದಿರುಗಿಸಲು ಹೋಗಿದ್ದೆ. ಇಸ್ತ್ರಿ ಅಕ್ಕ ಶರಟುಗಳ ಗಂಟು ತಂದರು. ಅದನ್ನು ಕುರ್ಚಿಯ ಮೇಲಿಟ್ಟು, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು. "ಸೆಕ್ರೆಟರಿಯವರೇ, ನಾನು ಹಾಲ್‌ಗೆ ಹೋಗಲ್ಲ. ನಮ್ಮತ್ತೆ ಹೋಗ್ತಾರೆ. ನಾನು ಒಳಗೇ ಇರ್ತೀನಿ, ಕಟಾಂಜನದ ಹತ್ರ ಬರ್ತೀನಿ."

ಮಾವ ಪೇಪರ್ ಕೆಳಗಿಳಿಸಿದರು. ಎದುರಿಗೆ ನಿಂತು ಹೇಳಿದವರಿಗೆ ಇಲ್ಲ ಅಂದು ಅವರಿಗೆ ಅಭ್ಯಾಸವಿಲ್ಲ. "ಬನ್ನಿ, ಅದಕ್ಕೇನಂತೆ? ಬೇಡ ಅಂದವರು ಯಾರು?" ಅಂದುಬಿಟ್ಟರು. ಒಬ್ಬರಿಗೆ ಅಂದ ಮೇಲೆ ಉಳಿದವರಿಗೂ ಅನ್ನಬೇಕಾಯಿತು. ಇಷ್ಟವಿದ್ದವರು ಹಾಲ್‌ನಲ್ಲಿ ಕೂರಬಹುದು ಅಂತ ಪ್ರಕಟಣೆ ಬದಲಾಯಿತು. ಹಳಿಯಾಚೆಯವರಲ್ಲಿ ಅರ್ಧ ಜನ ಖುಷಿಯಿಂದಲೇ ಹಾಲ್‌ಗೆ ಹೋದರು. ಅರ್ಧ ಜನ ಉಳಿದರು.

ದೊಡ್ಡಮ್ಮನ ಪ್ರಶ್ನೆಯಿಂದ ಇದಾಯಿತಾ? ಮಾವನನ್ನು ಕೇಳಿದರೆ ಅಕ್ಕ ಸುಮ್ಮನೆ ರಂಪ ಮಾಡಿದಳು, ಬಂದು ಹೇಳಿದ್ದರೆ ಮೊದಲೇ ಆಗುತ್ತಿತ್ತು ಅನ್ನುತ್ತಾರೆ. ಇಸ್ತ್ರಿ ಅಕ್ಕನನ್ನು ಕೇಳಿದೆ. "ಅವರು ಕೇಳಿದ ದಿನ ನಾನು ಬಾಯಿ ಮುಚ್ಕೊಂಡು ಕೂತಿದ್ದಕ್ಕೆ ನನಗೇ ನಾಚಿಕೆ ಆಯ್ತು. ಅದಕ್ಕೇ ಹೋಗಿ ಹೇಳ್ದೆ. ಹಂಗಂತ ಅವರು ಕೇಳಿದ್ದು ಸರಿ ಅಂತ ಅಲ್ಲ" ಅಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ.

ಭೋಜನದ ಭಾನುವಾರ ಬಂತು. ಸ್ಟೂಲ್ ಹೋದ ಮೇಲೆ ದೊಡ್ಡಮ್ಮನಿಗೆ ಎಲ್ಲಿ ಕೂರಬೇಕು ಅನ್ನುವುದೇ ತೋಚುತ್ತಿರಲಿಲ್ಲ. ನಮ್ಮ ಬೆಂಚಿಗೆ ಮನಸ್ಸಿಲ್ಲ. ಹಿಂದೆ ಹೋದರೆ ಮುದುಕರು ಏಳುತ್ತಾರೆ. ಹಾಲ್‌ಗೆ ಹೋದರೆ ಅಲ್ಲಿರುವವರೆಲ್ಲ ಏಳುತ್ತಾರೆ. ಬಾಗಿಲ ಪಕ್ಕ ನಿಂತೇ ಇದ್ದರು. ಸಾಲುಗಳು ಎದ್ದು ಹೋಗಿ ಬಂದವು. ಕೊನೆಯ ಸರದಿಗೆ ಹಿಂದಿನ ಬೆಂಚಿನವರು ಹೊರಟಾಗ ದೊಡ್ಡಮ್ಮನೂ ಅವರ ನಡುವೆ ಸೇರಿಕೊಂಡರು. ನಾನು ಕಾಯಿರ್‌ನಲ್ಲಿ ನಿಂತು ಎಲ್ಲ ನೋಡುತ್ತಿದ್ದೆ. ಮಾವ ತುದಿಯಲ್ಲಿ, ಗೋಡೆಯ ಪಕ್ಕ ಮೊಣಕಾಲೂರಿದರು. ಅವರ ಪಕ್ಕ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು ಉಳಿದವರು ಈ ಕಡೆ ಒತ್ತಿಕೊಂಡು ಊರಿದರು. ಇಸ್ತ್ರಿ ಅಕ್ಕ ಎಲ್ಲರಿಗಿಂತ ಹಿಂದೆ ಇದ್ದರು. ಬೇಕೆಂದೇ ಹಿಂದುಳಿದಿದ್ದರು ಅಂತ ಈಗ ಅನ್ನಿಸುತ್ತದೆ.

ದೊಡ್ಡಮ್ಮ ಮುಂದೆ ಬಂದರು. ಎಷ್ಟೋ ಕಾಲದ ಮೇಲೆ ಆ ಕಟಾಂಜನ ಮುಟ್ಟುತ್ತಿದ್ದರು, ಕಣ್ಣು ತುಂಬಿತ್ತು. ಖಾಲಿ ಜಾಗ ಕಂಡಿತು, ಪಕ್ಕದಲ್ಲಿ ತಮ್ಮ ಕಂಡ. ಅಲ್ಲೇ ಮೊಣಕಾಲೂರಿಬಿಟ್ಟರು. ರಾಜಿಯಾಗುವ ಆಸೆಯೋ, ಅಭ್ಯಾಸಬಲವೋ. ಅಯ್ಯೋ ದೊಡ್ಡಮ್ಮಾ, ಬೇರೆಲ್ಲಾದರೂ!

ಇಸ್ತ್ರಿ ಅಕ್ಕ ಬಂದು ಅವರ ಬೆನ್ನ ಹಿಂದೆ ನಿಂತರು. ಬೇರೆ ಜಾಗ ಇರಲಿಲ್ಲ. ತಿರುಗಿ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಬಗ್ಗಿ ದೊಡ್ಡಮ್ಮನ ಭುಜ ಮುಟ್ಟಿದರು. ಕೀಬೋರ್ಡ್ ನಿಂತಿತ್ತು, ಅವರು ಪಿಸುಗುಟ್ಟಿದ್ದೂ ನನಗೆ ಕೇಳಿಸಿತು.

"ಏಳಿ ಟೀಚರಮ್ಮ. ಇದು ನಾನು ಹೇಳಿದ್ನಲ್ಲ, ಆ ಜಾಗ."

ದೊಡ್ಡಮ್ಮ ತಿರುಗಿ ನೋಡಿದರು. ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕಟಾಂಜನ ಹಿಡಿದುಕೊಂಡು, ಮಂಡಿ ಕಟಕಟ ಅನ್ನಿಸಿಕೊಂಡು ಎದ್ದರು. ಇಸ್ತ್ರಿ ಅಕ್ಕ ಅಲ್ಲಿ ಮೊಣಕಾಲೂರಿದರು. ಮಾವ ತಿರುಗಿ ನೋಡಿದರು, ತಾವು ತೊಟ್ಟ ಶರಟಿಗೆ ಇಸ್ತ್ರಿ ಮಾಡಿದವರು ಪಕ್ಕದಲ್ಲಿ, ತೋಳಿಗೆ ತೋಳು. ಸರಿದುಕೊಳ್ಳೋಣ ಅಂದರೆ ಆ ಕಡೆ ಗೋಡೆ. ಅಯ್ಯನವರು ಬಂದು ಒಂದು ರೊಟ್ಟಿಯನ್ನು ಮುರಿದು ಅರ್ಧವನ್ನು ಇಸ್ತ್ರಿ ಅಕ್ಕನ ಕೈಗೆ, ಅರ್ಧವನ್ನು ಮಾವನ ಕೈಗೆ ಇಟ್ಟರು. ಇಸ್ತ್ರಿ ಅಕ್ಕ ಅದನ್ನು ತಕ್ಷಣ ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದು ಒಮ್ಮೆ ಮಾವನ ಕೈಯ ಕಡೆ ನೋಡಿದರು. ಎರಡೂ ಅಷ್ಟಷ್ಟೇ ಇದ್ದವು.

ಹಿಂದೆ ನಿಂತ ದೊಡ್ಡಮ್ಮನನ್ನು ಯಾರೂ ಗಮನಿಸಲಿಲ್ಲ. ಅದು ಕೊನೆಯ ಸರದಿ, ಅಯ್ಯನವರು ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಪೀಠದ ಕಡೆ ತಿರುಗಿದರು. ದೊಡ್ಡಮ್ಮನಿಗೆ ಅವತ್ತು ರೊಟ್ಟಿ ಸಿಗಲಿಲ್ಲ.

ಮನೆಗೆ ಬರುವಾಗ ನನ್ನ ತೋಳು ಹಿಡಿದುಕೊಂಡು ನಡೆದರು. ಬಹಳ ದೂರ ಬಂದ ಮೇಲೆ ಕೇಳಿದರು. "ಇಷ್ಟು ದಿನ ನಾನು ಮಾಡಿದ್ದರಲ್ಲಿ ಒಂದಾದ್ರೂ ಸರಿಯಾಯ್ತೇನೇ?"

"ಎದ್ದಿರಲ್ಲ ದೊಡ್ಡಮ್ಮ, ಅದೊಂದು."

"ಅವಳು ಏಳು ಅಂದ್ಲು, ಎದ್ದೆ. ಅಷ್ಟಕ್ಕೆ ಇಷ್ಟೆಲ್ಲಾ ಆಗ್ಬೇಕಿತ್ತಾ?" ಅಂತ ನಿಜವಾಗಿಯೂ ತಿಳಿಯದೆ ನನ್ನ ಮುಖ ನೋಡಿದರು. ನನಗೂ ತಿಳಿಯಲಿಲ್ಲ.